ಹಾಳುಬಾವಿಗೆ ಇಳಿದವನು

ನಮ್ಮ ತೋಟದ ಹಾಳುಬಾವಿಗೆ ಈಗ ಕಬ್ಬಿಣದ ಜಾಲರಿ ಹಾಕಿಸಿದ್ದೇವೆ. ಹಾಕುವಾಗ ವೆಲ್ಡಿಂಗಿನವನು, "ಇದನ್ನೂ ಗುಜರಿಯೋರು ಬಿಚ್ಕೊಂಡೋದ್ರೆ ಏನ್ಮಾಡ್ತೀರಮ್ಮ?" ಎಂದು ನಕ್ಕ. ನನಗೆ ನಗು ಬರಲಿಲ್ಲ. ಆ ಬಾವಿಯ ದಡದಲ್ಲಿ ನಿಂತು ನಾನು ಕಂಡದ್ದನ್ನು ಅವನು ಕಂಡಿದ್ದರೆ ಅವನಿಗೂ ಬರುತ್ತಿರಲಿಲ್ಲ.

ಕೊಡಿಗೇನಹಳ್ಳಿಯಿಂದ ಹಿಂದೂಪುರಕ್ಕೆ ಬಸ್ಸು ಹೋಗುವ ದಾರಿಯ ಪಕ್ಕಕ್ಕೇ ನಮ್ಮ ತೋಟ. ಬಾವಿ ನಮ್ಮ ಮಾವನವರ ಕಾಲದ್ದು. ಅರ್ಧ ಆಳದಲ್ಲಿ ಕಲ್ಲಿನ ಕಟ್ಟೆ ಮಾಡಿ, ಅದರ ಮೇಲೆ ಪಂಪು ಕೂರಿಸಿ, ಕಬ್ಬಿಣದ ಪೈಪನ್ನು ಕೆಳಗಿನ ನೀರಿಗೆ ಬಿಟ್ಟಿದ್ದರು. ಬೋರು ಕೊರೆಸಿದ ಮೇಲೆ ಬಾವಿ ಯಾರಿಗೂ ಬೇಡವಾಯಿತು. ತಳದಲ್ಲಿ ಕೊಳೆತ ಎಲೆ, ಕಪ್ಪು ಕೆಸರು. ಪಂಪೂ ಪೈಪೂ ಅಲ್ಲೇ ತುಕ್ಕು ಹಿಡಿಯುತ್ತಾ ಕುಂತವು. ಎತ್ತಿಸಿ ಮಾರಿಬಿಡಿ ಎಂದು ನಮ್ಮ ಯಜಮಾನರಿಗೆ ಹೇಳಿ ಹೇಳಿ ನನ್ನ ಬಾಯಿ ಬತ್ತಿಹೋಗಿತ್ತು. ಅವರದು ಒಂದೇ ಮಾತು, ನೋಡಾಣ.

ಆವತ್ತು ನಮ್ಮವರೂ ಊರಿನ ಅರ್ಧ ಜನವೂ ಕೊರಟಗೆರೆಗೆ ಬೀಗರೂಟಕ್ಕೆ ಹೋಗಿದ್ದರು. ನಾನು ಹಸು ಈಯುತ್ತದೆಂದು ಉಳಿದಿದ್ದೆ. ಪಕ್ಕದ ತೋಟದವನೂ ಉಳಿದಿದ್ದ. ಅವನು ವರಸೆಯಲ್ಲಿ ನನಗೆ ಮೈದುನನಾಗಬೇಕು. ಹಿಂದಿನ ರಾತ್ರಿ ಅವನ ಬೋರಿನ ಕೇಬಲ್ಲನ್ನು ಯಾರೋ ಕುಯ್ದುಕೊಂಡು ಹೋಗಿದ್ದರು. ಒಳಗಿನ ತಾಮ್ರದ ಆಸೆಗೆ ನಮ್ಮ ಕಡೆ ಇದು ಮಾಮೂಲಿ. ಅವನಿಗಂತೂ ಇದು ಮೊದಲನೇ ಸಲವೇನಲ್ಲ. ಟೊಮ್ಯಾಟೊ ಕಾಯಿ ಕಟ್ಟುವ ಹೊತ್ತು, ನೀರಿಲ್ಲ. ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಕುಂತು ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಕುದಿಯುತ್ತಿದ್ದ.

"ಸಿಕ್ಲಿ ಅತ್ಗೆ, ನನ್ ಕೈಗೆ ಸಿಕ್ಲಿ. ಅದೇ ಕೇಬಲ್ನಾಗೆ ಕಂಬಕ್ಕೆ ಕಟ್ಟಾಕ್ತೀನಿ."

"ಕಟ್ಟಾಕು. ನಾನೂ ಬತ್ತೀನಿ, ಪೊರಕೆ ತಕ್ಕಂಡು," ಎಂದೆ. ನನಗೂ ಹೊಟ್ಟೆ ಉರಿದಿತ್ತು. ಆ ಕೇಬಲ್ಲಿನ ಒಂದು ಜಾಯಿಂಟನ್ನು ಇಲಿ ಕಡಿದಾಗ ಟೇಪು ಸಾಲದೆ, ಸೈಕಲ್ ಟ್ಯೂಬು ಸುತ್ತಿ, ಅದರ ಮೇಲೆ ಕಟ್ಟಲು ನನ್ನ ಹಳೇ ನೀಲಿ ಸೀರೆಯ ಅಂಚನ್ನೇ ಹರಿದುಕೊಟ್ಟಿದ್ದೆ.

ಮಧ್ಯಾಹ್ನ ಹಸುವಿಗೆ ಬಿಸಿನೀರು ಕಾಯಿಸುತ್ತಿದ್ದೆ. ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ತಲೆ ಕೆದರಿದೆ, ಅಂಗೈ ಹಗ್ಗ ಉಜ್ಜಿ ರಕ್ತ ಬಂದಿದೆ.

"ಅಕ್ಕಾ, ಕಾಪಾಡು ಅಕ್ಕಾ. ನಮ್ಮಾಯನ ನಿಮ್ ಬಾವ್ಯಾಗೆ ಬಿದ್ದವ್ರೆ. ಪಲುಕ್ತಾ ಇಲ್ಲ."

ಪಾವಗಡದ ಕಡೆಯ ಮಾತು, ಅರ್ಧ ತೆಲುಗು. ಗಂಡ ಬಾವಿಯಲ್ಲಿ ಬಿದ್ದಿದ್ದಾನೆ, ಮಾತಾಡುತ್ತಿಲ್ಲ ಅನ್ನುತ್ತಿದ್ದಾಳೆ ಎಂದು ತಿಳಿಯಿತು. ತಿಳಿಯದೇ ಇದ್ದದ್ದು, ಇವಳ ಗಂಡನಿಗೆ ನಮ್ಮ ಬಾವಿಯಲ್ಲಿ ಏನು ಕೆಲಸ ಅನ್ನುವುದು. ಕೇಳಿಯೂಬಿಟ್ಟೆ. ಅವಳು ಸುಳ್ಳು ಹೇಳಲಿಲ್ಲ.

"ಕಬ್ಬಿಣ ತೆಗ್ಯಾಕ್ ಬಂದಿದ್ವಿ. ಆಮ್ಯಾಕೆ ಹೊಡೀ ಅಕ್ಕಾ. ಈಗ ಬಾ."

ಕದಿಯಲು ಬಂದ ಮನೆಯ ಬಾಗಿಲಿಗೇ ಬಂದು ನಿಂತಿದ್ದಳು ಮಹಾತಾಯಿ. ರಸ್ತೆ ಪಕ್ಕದಲ್ಲೇ ಅವರ ಲಗೇಜ್ ಆಟೋ ಇತ್ತು, ಓಡಿಹೋಗಬಹುದಿತ್ತು. ಬೈಗುಳ ನನ್ನ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಮೈದುನನನ್ನು ಕೂಗುತ್ತಾ ಓಡಿದೆ.

ಬಾವಿಯೊಳಗೆ ಬಗ್ಗಿ ನೋಡಿದರೆ, ಆ ಮನುಷ್ಯ ಪಂಪಿನ ಕಟ್ಟೆಯ ಮೇಲೆ ಗೋಡೆಗೆ ಒರಗಿ ಬಿದ್ದಿದ್ದ. ಹ್ಯಾಕ್ಸಾ ಗರಗಸದಲ್ಲಿ ಪೈಪು ಕುಯ್ದಿದ್ದಾನೆ, ಅದು ಕೆಳಗಿನ ಕೆಸರಿಗೆ ದಬಾರನೆ ಬಿದ್ದಿದೆ, ಕದಡಿದ ಕೆಸರಿನಿಂದ ಕೆಟ್ಟಗಾಳಿ ಎದ್ದಿದೆ. ವಾಸನೆ ದಡಕ್ಕೇ ಬರುತ್ತಿತ್ತು. ಆಗಾಗ ಒಂದು ನರಳಾಟ ಕೇಳುತ್ತಿತ್ತು. ಅಷ್ಟೇ ಜೀವ.

ಕೂಗಾಟಕ್ಕೆ ಹೊಲದಲ್ಲಿದ್ದವರು, ಬಸ್ಸಿಗೆ ಕಾಯುತ್ತಿದ್ದವರು ಎಲ್ಲ ಸೇರಿದರು. ಒಬ್ಬ, ಬಿದ್ದಿರಲಿ ಕಳ್ಳನನ್ಮಗ ಎಂದ. ಇನ್ನೊಬ್ಬ ಪಂಚೆ ಎತ್ತಿ ಕಟ್ಟಿ ಇಳಿಯಲು ಹೊರಟೇಬಿಟ್ಟ. ಮೈದುನ ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದು, "ಎರಡು ಹೆಣ ಎತ್ತಾಕೆ ನಮ್ ಕೈಲಾಗಕ್ಕಿಲ್ಲ. ನಿಂತ್ಕೊಳ್ಲಾ," ಎಂದು ಗದರಿದ. ಸಿರಾ ಸೀಮೆಯ ನನ್ನ ತವರೂರಿನಲ್ಲಿ ಯಾರದೋ ಮನೆಯ ಅಣ್ಣನನ್ನು ಇಂಥದೇ ಬಾವಿಯಿಂದ ಎತ್ತಲು ಇಳಿದ ತಮ್ಮನೂ ಹಿಂದಕ್ಕೆ ಬಾರದೇ ಹೋದದ್ದು ನನಗೆ ನೆನಪಾಯಿತು.

ಹಾಳುಬಾವಿಗೆ ಇಳಿಯುವ ಮುಂಚೆ ಗಾಳಿ ಬದಲಾಯಿಸುವುದು ನಮ್ಮ ಕಡೆಯ ಪದ್ಧತಿ. ಹೊಂಗೆಸೊಪ್ಪನ್ನು ಹೊರೆ ಕಟ್ಟಿ, ಹಗ್ಗದಲ್ಲಿ ಇಳಿಬಿಟ್ಟು, ಮೇಲಕ್ಕೂ ಕೆಳಕ್ಕೂ ಜಗ್ಗಬೇಕು. ಕೊಡಗಟ್ಟಲೆ ನೀರು ಎರಚಬೇಕು. ಆಮೇಲೆ ಬಕೀಟಿನಲ್ಲಿ ದೀಪ ಹಚ್ಚಿಟ್ಟು ಇಳಿಸಿ, ಉರಿಯುತ್ತದೋ ಆರುತ್ತದೋ ನೋಡಬೇಕು. ಅಪ್ಪನಿಂದ ಮಗ ಕಲಿಯುವ ಕೆಲಸ ಇದು, ಆ ಮನುಷ್ಯನಿಗೂ ಗೊತ್ತಿದ್ದದ್ದೇ. ಆದರೆ ಕದಿಯಲು ಬಂದವನು ಸೊಪ್ಪು ಕಡಿದು, ಹೊರೆ ಕಟ್ಟಿ, ಇನ್ನೊಬ್ಬರ ತೋಟದಲ್ಲಿ ನಿಂತು ಜಗ್ಗುವುದುಂಟೇ? ಯಾರಾದರೂ ನೋಡಿಬಿಟ್ಟಾರೆಂದು ಹಾಗೇ ಇಳಿದಿದ್ದ.

ನಾವು ಸೊಪ್ಪು ಜಗ್ಗಿದೆವು. ಆ ಹೆಂಗಸು ನೀರು ಹೊತ್ತು ಹೊತ್ತು ತಂದು ಸುರಿಯುತ್ತಾ, "ಇಳೀರಿ ಅಣ್ಣಾ, ಸತ್ತೋಗ್ತಾರೆ, ಇಳೀರಿ," ಎಂದು ಅಳುತ್ತಿದ್ದಳು. ದೀಪ ಇಳಿಬಿಟ್ಟರೆ ಕಟ್ಟೆಯ ಹತ್ತಿರ ಹೋಗಿ ಪುಸಕ್ಕನೆ ಆರಿತು. ಅವಳು ಎದೆ ಎದೆ ಬಡಿದುಕೊಂಡಳು. ಮೈದುನ ಅವಳ ಕಡೆ ನೋಡಲೇ ಇಲ್ಲ. "ಜಗ್ರಿ, ಇನ್ನೂ ಜಗ್ರಿ," ಎಂದಷ್ಟೇ ಅಂದ. ಕಲ್ಲು ಮನಸ್ಸಿನವನು ಎಂದು ಆ ಹೊತ್ತಿನಲ್ಲಿ ನನಗೇ ಅನಿಸಿತು. ಮತ್ತೆ ಇಳಿಬಿಟ್ಟ ದೀಪ ನಡುಗಿತು, ಸಣ್ಣಗಾಯಿತು, ಆರಲಿಲ್ಲ.

"ನಾನು ಇಳೀತೀನಿ," ಎಂದ.

ಅವನ ಸೊಂಟಕ್ಕೆ ನಮ್ಮ ಹಗ್ಗವಾಯಿತು. ಅವರು ಇಳಿಬಿಟ್ಟಿದ್ದ ಹಗ್ಗ ಅವಳ ಕೈಜಾರಿ ಬಾವಿಗೇ ಬಿದ್ದಿತ್ತು, ಕೆಳಗಿರುವವನಿಗೆ ಕಟ್ಟಲು ಇನ್ನೊಂದು ಬೇಕು. ಆ ಹೆಂಗಸು ತಮ್ಮ ಆಟೋದಲ್ಲಿ ಲೋಡು ಕಟ್ಟುವ ಹಗ್ಗ ಇದೆ ಎಂದಳು. ಮೈದುನನೇ ಓಡಿದ. ಹಿಂದಿನ ಟಾರ್ಪಾಲು ಎತ್ತಿ ಒಳಗೆ ಕೈ ಹಾಕಿದವನು ಅಲ್ಲೇ ನಿಂತುಬಿಟ್ಟ. ಹಗ್ಗ ಸಿಕ್ಕಿಕೊಂಡಿರಬೇಕು ಎಂದುಕೊಂಡು, "ಏನ್ಲಾ, ಅಲ್ಲೇನ್ ಜಪ ಮಾಡ್ತಾ ಇದೀಯ? ಬಾರ್ಲಾ!" ಎಂದು ಕಿರುಚಿದೆ. ಅವನು ಹಗ್ಗ ಹೆಗಲಿಗೆ ಹಾಕಿಕೊಂಡು ಬಂದ. ಮುಖ ಬಿಗಿದಿತ್ತು. ಬಾಯಿಗೆ ಒದ್ದೆ ಟವೆಲು ಕಟ್ಟಿಕೊಂಡು ಇಳಿದ.

ಇಳಿಯುವುದನ್ನು ನೋಡಿದೆ. ಒಂದೊಂದೇ ಕಲ್ಲಿಗೆ ಕಾಲು ಕೊಟ್ಟು, ಕತ್ತಲೆಯೊಳಕ್ಕೆ ಅವನ ಬೆನ್ನು ಸಣ್ಣದಾಗುತ್ತಾ ಹೋಯಿತು. ನನಗೆ ಬಾಯಲ್ಲಿ ದೇವರ ಹೆಸರು ಕೂಡ ಬರಲಿಲ್ಲ. ಕೆಳಗಿನಿಂದ ಹಗ್ಗ ಜಗ್ಗಿದ. ಎಳೆದೆವು. ಮೊದಲು ಆ ಮನುಷ್ಯ ಬಂದ, ನೀಲಿಗಟ್ಟಿದ ತುಟಿ, ಬಾಯಲ್ಲಿ ನೊರೆ. ಅವನ ಹಿಂದೆ ಮೈದುನನನ್ನು ಎಳೆದೆವು. ಬಂದವನೇ ಮಗ್ಗುಲಾಗಿ ಬಿದ್ದು ವಾಂತಿ ಮಾಡಿಕೊಂಡ. ಅಬ್ಬಾ, ಎದ್ದು ಕುಂತನಲ್ಲ, ಆಗ ನನಗೆ ಅಳು ಬಂತು.

ಬಯಲು ಗಾಳಿಗೆ ಆ ಮನುಷ್ಯನೂ ಕಣ್ಣು ಬಿಟ್ಟ. ಆಂಬುಲೆನ್ಸು ಬರುವಷ್ಟರಲ್ಲಿ ಜನರ ಮಾತೇ ತಿರುಗಿಹೋಗಿತ್ತು. ಬಿದ್ದಿರಲಿ ಎಂದವನೇ ಮಜ್ಜಿಗೆ ತರಿಸಿದ. "ಪಾಪ, ಒಟ್ಟೆಪಾಡು ಕಣಮ್ಮ. ತುಕ್ಕಿಡ್ದಿದ್ ಕಬ್ಬಿಣಕ್ಕೆ ಜೀವ ಕೊಡಾಕ್ ಬಂದವ್ನೆ," ಎಂದು ಒಬ್ಬಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಮೈದುನ ಮಾತ್ರ ಫೋನು ತೆಗೆದು ಪೊಲೀಸರಿಗೆ ಹೇಳುತ್ತಿದ್ದ.

ಎಲ್ಲರೂ ಅವನ ಮೇಲೆ ಮುಗಿಬಿದ್ದರು. "ಸಾವಿನ ಬಾಯಿಂದ ಬಂದೋನ್ ಮೇಲೆ ಕೇಸಾ? ಕರುಳಿಲ್ವೇನ್ಲಾ ನಿಂಗೆ?"

"ಇವತ್ತು ಬುಟ್ರೆ ನಾಳಿಕ್ ಇನ್ನೊಂದ್ ಬಾವಿಗಿಳೀತಾನೆ. ಅಲ್ಲಿ ಸೊಪ್ಪು ಜಗ್ಗಾಕೆ ಯಾರವ್ರೆ?" ಎಂದ. ಫೋನು ಜೇಬಿಗೆ ಹಾಕಿಕೊಳ್ಳುತ್ತಾ, "ನನ್ ಟೊಮ್ಯಾಟೊ ಒಣಗ್ತಾ ಐತೆ. ಅದುಕ್ಕೆ ಯಾರಾದ್ರೂ ಪಾಪ ಅಂದ್ರಾ?" ಎಂದ.

ಹಗ್ಗ ಹಿಡಿದು ದಡದಲ್ಲಿ ನಿಂತಿದ್ದ ನಮಗೆಲ್ಲ ಕರುಣೆ ಉಕ್ಕಿ ಹರಿಯುತ್ತಿತ್ತು. ಇಳಿದಿದ್ದವನು ಅವನೊಬ್ಬನೇ.

ಗಂಡನನ್ನು ಮಧುಗಿರಿ ಆಸ್ಪತ್ರೆಗೆಂದು ಆಂಬುಲೆನ್ಸಿಗೆ ಹತ್ತಿಸಿದರು. ಅವನು ಬದುಕಿದ, ಈ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಹೆಂಡತಿ ಆಂಬುಲೆನ್ಸು ಹತ್ತುವ ಮುಂಚೆ ಮೈದುನನ ಕಾಲು ಹಿಡಿಯಲು ಬಂದಳು. ಅವನು ಹಿಂದಕ್ಕೆ ಸರಿದು, "ಓಗಮ್ಮ, ಜೊತ್ಗಿರೋಗು," ಎಂದ. ಆಮೇಲೆ ಬಂದ ಪೊಲೀಸರು ಆಟೋದಲ್ಲಿದ್ದದ್ದನ್ನು ಒಂದೊಂದಾಗಿ ಕೆಳಗಿಳಿಸಿದರು. ಮುರಿದ ಕೈಪಂಪಿನ ಹಿಡಿ, ಗೇಟಿನ ಸರಳು, ತಳದಲ್ಲಿ ಸುರುಳಿ ಸುತ್ತಿದ ಕಪ್ಪು ಕೇಬಲ್ಲು. ಸುರುಳಿಯ ನಡುವೆ ಗಂಟು ಹಾಕಿದ ನೀಲಿ ಬಟ್ಟೆ.

ನನ್ನ ಸೀರೆಯ ಅಂಚನ್ನು ನಾನು ಗುರುತಿಸದೆ ಇರುತ್ತೇನೆಯೇ?

"ಲೋ, ನಿನ್ ಕೇಬಲ್ ಕಣ್ಲಾ!" ಎಂದು ಕೂಗಿ ಅವನ ಕಡೆ ತಿರುಗಿದೆ. ಅವನು ಬೆಚ್ಚಲಿಲ್ಲ, ಹತ್ತಿರವೂ ಬರಲಿಲ್ಲ. ಕಲ್ಲಿನ ಮೇಲೆ ಕುಂತು ಕಾಲಿನ ಕೆಸರನ್ನು ಕಡ್ಡಿಯಿಂದ ಕೆರೆಯುತ್ತಿದ್ದ.

"ನೋಡ್ದೆ ಅತ್ಗೆ."

"ಯಾವಾಗ?"

"ಅಗ್ಗ ತಕ್ಕಳಾಕ್ ಓದಾಗ. ಅದುರ್ ಮ್ಯಾಲೇ ಇತ್ತು ಅಗ್ಗ."

ನಾನು ಜಪ ಮಾಡುತ್ತಿದ್ದೀಯಾ ಎಂದು ಕಿರುಚಿದ್ದು ಆಗಲೇ.

"ನೋಡಿನೂ ಇಳ್ದೇನ್ಲಾ?"

ಅವನು ತಲೆ ಎತ್ತಿ, ಇದೆಂಥ ಪ್ರಶ್ನೆ ಎನ್ನುವಂತೆ ನನ್ನ ಮುಖ ನೋಡಿದ.

"ಇನ್ನೇನ್ ಮಾಡ್ಲಿ ಅತ್ಗೆ? ಉಸ್ರಾಡ್ತಾ ಇದ್ನಲ್ಲ," ಎಂದು ಮತ್ತೆ ಕೆಸರು ಕೆರೆಯತೊಡಗಿದ.