ಮೆಂತ್ಯದ ಮಡಿ ಕಾಯುವ ಅಧ್ಯಕ್ಷರು

ಮೊನ್ನೆ ಒಂದು ಭಾನುವಾರ ಬೆಳಿಗ್ಗೆ ಕೆಲ್ಲಿವಿಲ್‌ನ ನಮ್ಮ ಹಿತ್ತಲಲ್ಲಿ ನಾಲ್ಕು ಜನ ಇದ್ದೆವು. ನಾನು, ನನ್ನ ಹೆಂಡತಿ ಸುಮಾ, ಧಾರವಾಡದ ಅಕ್ಕೋರು, ಮತ್ತು ಮೆಂತ್ಯದ ಮಡಿಗೆ ಅಡ್ಡಲಾಗಿ ಕೈಮುಗಿದು ನಗುತ್ತ ನಿಂತಿದ್ದ ಇನ್ನೊಬ್ಬ ನಾನು. ಆ ಎರಡನೆಯವನು ಪ್ಲಾಸ್ಟಿಕ್ ಬೋರ್ಡಿನವನು. ಎರಡು ವರ್ಷದ ಹಿಂದಿನ ಚುನಾವಣೆಯಲ್ಲಿ ಉಳಿದುಹೋದವನು. ಕಾಂಗರೂಗಳ ಈ ದೇಶದಲ್ಲಿ ಪಾಸಮ್ ಎಂಬ ಪ್ರಾಣಿಯೂ ಇದೆ. ಬೆಕ್ಕಿನಷ್ಟು ದೊಡ್ಡದು, ಸೊಪ್ಪು ಚಿಗುರಿದರೆ ಸಾಕು, ಬೇಲಿ ಹತ್ತಿ ಬಂದು ಬುಡದವರೆಗೂ ಬೋಳಿಸಿಬಿಡುತ್ತದೆ. ಸುಮಾ ಬಲೆ ಕಟ್ಟಿದಳು, ಬೆಳ್ಳುಳ್ಳಿ ನೀರು ಚಿಮುಕಿಸಿದಳು, ಯಾವುದಕ್ಕೂ ಅದು ಜಗ್ಗಲಿಲ್ಲ. ಕೊನೆಗೆ ಗ್ಯಾರೇಜಿನಿಂದ ನನ್ನ ಮುಖ ತಂದು ನೆಟ್ಟಳು. ಅಂದಿನಿಂದ ಪಾಸಮ್ ಇತ್ತ ಸುಳಿದಿಲ್ಲ. ನಮ್ಮ ಮತದಾರರಿಗಿಂತ ಅದಕ್ಕೇ ಬುದ್ಧಿ ಹೆಚ್ಚು ಎಂದು ಸುಮಾ ಬಂದವರಿಗೆಲ್ಲ ಹೇಳುತ್ತಾಳೆ.

ಅಕ್ಕೋರು ಸೊಪ್ಪಿನ ಕಡೆ ನೋಡಲಿಲ್ಲ. ಬೋರ್ಡನ್ನೇ ನೋಡುತ್ತ ನಿಂತರು.

"ಇದರ ಹಿಂದ ಏನ ಬರದೈತ್ರೀ?"

"ಏನೂ ಇಲ್ಲ ಅಕ್ಕೋರೆ. ಹಿಂದೆ ಖಾಲಿ."

"ಹೌದೇನು," ಎಂದರು. ಆ 'ಹೌದೇನು' ನನ್ನನ್ನು ಎರಡು ವರ್ಷ ಹಿಂದಕ್ಕೆ ತಳ್ಳಿತು. ನಿಮಗೆ ಹೇಳಿಯೇಬಿಡುತ್ತೇನೆ, ನಾನು ಮುಚ್ಚಿಟ್ಟರೂ ಯಾವುದಾದರೂ ವಾಟ್ಸಾಪ್ ಗುಂಪಿನಲ್ಲಿ ನಿಮಗೆ ಸಿಕ್ಕೇ ಸಿಗುತ್ತದೆ.

ಅಕ್ಕೋರ ಹೆಸರು ಸರೋಜಾ. ಧಾರವಾಡದಲ್ಲಿ ಒಂದನೇ ಇಯತ್ತೆಗೆ ಪಾಠ ಹೇಳಿ ನಿವೃತ್ತರಾಗಿ ಮಗನ ಮನೆಗೆ ಬಂದವರು. ಆ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರಂತೆ. ಮೈಸೂರಿನವನಾದ ನಾನೂ ಹಾಗೇ ಕರೆದು ಅಭ್ಯಾಸವಾಯಿತು. ಭಾನುವಾರಗಳಂದು ಇಲ್ಲಿನ ಸರ್ಕಾರಿ ಶಾಲೆಯ ಒಂದು ಕೋಣೆಯಲ್ಲಿ ಅವರು ಒಂಬತ್ತು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಹತ್ತು ಮಕ್ಕಳಾದರೂ ಇಲ್ಲದಿದ್ದರೆ ಮುಂದಿನ ಟರ್ಮ್‌ನಿಂದ ಕೋಣೆ ಬೇರೆಯವರಿಗೆ ಎಂದು ಶಾಲೆಯವರು ತಿಳಿಸಿದರು. ಕರಾಟೆ ಕಲಿಸುವವರೊಬ್ಬರು ಆಗಲೇ ಬಂದು ಗೋಡೆಯಿಂದ ಗೋಡೆಗೆ ಅಳೆದುಕೊಂಡು ಹೋಗಿದ್ದರು.

ಕಡಿಮೆ ಬಿದ್ದದ್ದು ಒಂದು ಮಗು. ಇಂಥ ಹೊತ್ತಿನಲ್ಲಿ ಬೇರೆ ಜನ ಏನು ಮಾಡುತ್ತಾರೆ? ಒಂದು ಮಗುವನ್ನು ಕರೆತರುತ್ತಾರೆ. ನಾವು ಚುನಾವಣೆ ಇಟ್ಟುಕೊಂಡೆವು. ಆ ಒಂದು ಮಗು ನಮ್ಮ ಮನೆಯ ಸೋಫಾದ ಮೇಲೇ ಕಾಲು ಚಾಚಿ ಕೂತಿತ್ತು. ನನ್ನ ಮಗಳು ಅನ್ವಿತಾ ಕನ್ನಡ ತರಗತಿ ಬಿಟ್ಟು ವರ್ಷವಾಗಿತ್ತು. ಅದು ನನಗೆ ಹೊಳೆಯಲೇ ಇಲ್ಲ ನೋಡಿ.

ನಮ್ಮವರಲ್ಲಿ ಆಗಲೇ ಎರಡು ಬಣ. ರಾಜ್ಯೋತ್ಸವದ ವೇದಿಕೆಯಲ್ಲಿ ಯಾವ ಪಕ್ಷದ ನಾಯಕರನ್ನು ನಡುವಿನ ಕುರ್ಚಿಯಲ್ಲಿ ಕೂರಿಸಬೇಕು ಎಂಬ ಮಾತಿಗೆ ಒಡೆದದ್ದು. ಒಂದು ವಾಟ್ಸಾಪ್ ಗುಂಪು 'ಕನ್ನಡ ಬಳಗ ಅಧಿಕೃತ' ಎಂದಾಯಿತು. ಮರುದಿನವೇ ಇನ್ನೊಂದು, 'ಕನ್ನಡ ಬಳಗ ಮೂಲ'. ಅರ್ಧಕ್ಕರ್ಧ ಜನ ನೆಲೆಸಲು ಪರವಾನಗಿ ಇದ್ದೂ ಪೌರತ್ವ ಇಲ್ಲದ ಪಿಆರ್‌ನವರು. ಇಲ್ಲಿ ಮತವಿಲ್ಲ, ಅಲ್ಲಿಗೆ ಹೋಗಿ ಹಾಕಲು ರಜೆಯಿಲ್ಲ. ಮತ ಹಾಕುವ ತುರಿಕೆಯನ್ನು ಎಲ್ಲಿ ತೀರಿಸಿಕೊಳ್ಳಬೇಕು, ನೀವೇ ಹೇಳಿ. ಒಂಬತ್ತು ಮಕ್ಕಳ ಶಾಲೆಯ ಕಮಿಟಿಗೆ ಅಧ್ಯಕ್ಷರು ಯಾರು ಎಂಬ ಪ್ರಶ್ನೆಗೆ ದೇಶವೇ ಅಲುಗಾಡುವಂತಾಯಿತು.

ಮೂಲದವರು ಹುಬ್ಬಳ್ಳಿಯ ನಾಗೇಶ್ ಅವರನ್ನು ನಿಲ್ಲಿಸಿದರು. ಭಾನುವಾರ ಬಿಡುವಾಗಿರುವವನು ನಾನೊಬ್ಬನೇ ಎಂದು ಅಧಿಕೃತದವರು ನನ್ನನ್ನು ನಿಲ್ಲಿಸಿದರು. ನಾಗೇಶ್ ಮತ್ತು ನಾನು ಚಾಟ್ಸ್‌ವುಡ್‌ನ ಒಂದೇ ಕಟ್ಟಡದಲ್ಲಿ ಕೆಲಸ ಮಾಡುವವರು, ಒಂದೇ ಮೆಟ್ರೋದಲ್ಲಿ ಹೋಗಿಬರುವವರು. ನಾಮಪತ್ರ ಹಾಕಿ, ಇಬ್ಬರೂ ನಮ್ಮ ನಮ್ಮ ಮುಖದ ಬೋರ್ಡು ಮಾಡಿಸಿದ ಮೇಲೆ ಅವರು ಮೊದಲ ಬೋಗಿ ಹತ್ತತೊಡಗಿದರು, ನಾನು ಕೊನೆಯದು.

ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ನನ್ನ ಭಾವಮೈದ ಗಿರೀಶನಿದ್ದಾನೆ. ಅಲ್ಲಿ ಇಂಥದ್ದೇ ಚುನಾವಣೆ ಗೆದ್ದ ಅನುಭವಿ. ಫೋನ್ ಮಾಡಿದ.

"ಭಾವ, ಸ್ಪೀಚ್ ಗೀಚ್ ಎಲ್ಲಾ ವೇಸ್ಟು. ಬೈಲಾ ಓದಿದ್ರಾ? ಮಗು ಮೂರು ಕ್ಲಾಸ್ ಅಟೆಂಡ್ ಮಾಡಿದ್ರೆ ಆ ಫ್ಯಾಮಿಲಿಗೆ ಒಂದು ವೋಟು. ಜನರ ಹಿಂದೆ ಹೋಗ್ಬೇಡಿ, ಹಾಜರಿ ಪುಸ್ತಕ ತುಂಬ್ಸಿ. ನಾವಿಲ್ಲಿ ಗೆದ್ದಿದ್ದೇ ಹಾಗೆ."

"ಈಗ ಅಲ್ಲಿ ಶಾಲೆ ಹೇಗೆ ನಡೀತಿದೆಯೋ?"

"ಯಾವ ಶಾಲೆ?" ಎಂದ.

ಅಷ್ಟು ಕೇಳಿದ ಮೇಲಾದರೂ ನಾನು ಹಿಂದೆ ಸರಿಯಬೇಕಿತ್ತು. ಸರಿಯಲಿಲ್ಲ. ಮುಂದಿನ ಭಾನುವಾರ ಅನ್ವಿತಾಳ ನೆಟ್‌ಬಾಲ್ ತಪ್ಪಿಸಿ ಕರೆದೊಯ್ದೆ. ನಮ್ಮ ಬಣದವರೂ ತಮ್ಮ ತಮ್ಮ ಮಕ್ಕಳನ್ನು ಹೊರಡಿಸಿದರು. ಹೋಗಿ ನೋಡಿದರೆ ನಾಗೇಶ್ ಕಡೆಯವರೂ ಬೈಲಾ ಓದಿದ್ದರು! ಏಳು ಸೀಟಿನ ಕಾರುಗಳಿಂದ ಮಕ್ಕಳು ಉದುರುತ್ತಿದ್ದರು. ಬಾಯಲ್ಲಿ ಹಾಲಿನ ಬಾಟಲಿ ಇದ್ದದ್ದೊಂದು, ಮೀಸೆ ಬಂದದ್ದೊಂದು. ಅವರ ಕಡೆಯಿಂದ ಒಬ್ಬ ಗುಜರಾತಿ ಹುಡುಗ ಬಂದಿದ್ದ. ನಾನು ಆಕ್ಷೇಪಿಸಲಿಲ್ಲ, ನಮ್ಮ ಕಡೆ ಇಬ್ಬರಿದ್ದರು.

ಎಣಿಸಿದರೆ ನಲವತ್ತೊಂದು ಮಕ್ಕಳು. ಅಕ್ಕೋರು ಬಾಗಿಲಲ್ಲೇ ನಿಂತುಬಿಟ್ಟರು.

"ಇಷ್ಟ ಮಂದಿಗೆ ಕನ್ನಡ ಬೇಕಾಗಿತ್ತೇನ್ರೀ? ನನಗ ಗೊತ್ತೇ ಇರಲಿಲ್ಲ ನೋಡ್ರಿ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಎರಡನೆಯ ವಾರ ಬರುವಾಗ ನಲವತ್ತೊಂದು ರಟ್ಟಿನ ಚೀಟಿ ಮಾಡಿಕೊಂಡು ಬಂದಿದ್ದರು. ಒಂದೊಂದರ ಮೇಲೂ ಒಂದೊಂದು ಮಗುವಿನ ಹೆಸರು, ದುಂಡಗಿನ ಅಕ್ಷರದಲ್ಲಿ, ಮೂಲೆಯಲ್ಲೊಂದು ಗಿಳಿ. ಎಲ್ಲವನ್ನೂ ಮೇಜುಗಳ ಮೇಲೆ ಜೋಡಿಸುತ್ತ ಕೇಳಿದರು: "ಕೂಡಾಕ ಜಾಗ ಸಾಲವಲ್ದು. ಇನ್ನೊಂದು ಖೋಲಿ ಕೇಳೂಣೇನ್ರೀ?"

ಹೇಳುವುದಾದರೆ ಆಗಲೇ ಹೇಳಬೇಕಿತ್ತು. "ಕೇಳೋಣ ಅಕ್ಕೋರೆ," ಎಂದು ಹೊರಗೆ ಬಂದು ನಾಗೇಶ್ ಕಡೆಯ ಕಾರುಗಳನ್ನು ಎಣಿಸಿದೆ. ಅಕ್ಕೋರು ಪಾಪ, ನಿಜವಾಗಿಯೂ ಶಾಲೆಯವರ ಬಳಿ ಹೋಗಿ ಕೇಳಿದರಂತೆ.

ಮೂರನೆಯ ವಾರ ಪಾಠ ಮುಗಿಯುತ್ತಲೇ ಮತದಾನ. ಕನ್ನಡ ಉಳಿಸುವುದು ಹೇಗೆ ಎಂದು ನಾಗೇಶ್, ನಾನು ಇಬ್ಬರೂ ಇಂಗ್ಲಿಷಿನಲ್ಲಿ ಭಾಷಣ ಮಾಡಿದೆವು. ಅವರದು ನನ್ನದಕ್ಕಿಂತ ಚೆನ್ನಾಗಿತ್ತು. ಆದರೂ ಎರಡು ಮತದಿಂದ ನಾನು ಗೆದ್ದೆ. ಆ ಎರಡು ಗುಜರಾತಿ ಮನೆಯವರನ್ನು ಇಂದಿಗೂ ದೀಪಾವಳಿ ಊಟಕ್ಕೆ ಕರೆಯುತ್ತೇನೆ.

ಮರು ಭಾನುವಾರ ರೇಷ್ಮೆ ಜುಬ್ಬಾ ತೊಟ್ಟು, ಮೈಸೂರುಪಾಕಿನ ಡಬ್ಬಿ ಹಿಡಿದು ಅಧ್ಯಕ್ಷನಾಗಿ ಹೋದೆ. ಕೋಣೆಯಲ್ಲಿ ಆರು ಮಕ್ಕಳಿದ್ದರು. ಹೊಸಬರು ಒಬ್ಬರೂ ಇಲ್ಲ. ಹಳೆಯ ಒಂಬತ್ತರಲ್ಲೂ ಮೂವರನ್ನು "ನಮಗೆ ಈ ಪಾಲಿಟಿಕ್ಸ್ ಬೇಡಪ್ಪಾ" ಎಂದು ತಂದೆತಾಯಿ ಬಿಡಿಸಿದ್ದರು. ಮಿಕ್ಕ ಮೇಜುಗಳ ಮೇಲೆಲ್ಲ ಗಿಳಿಗಳು.

ಅಕ್ಕೋರು ಹಾಜರಿ ಪುಸ್ತಕ ತೆಗೆದರು. ನಲವತ್ತೊಂದು ಹೆಸರನ್ನೂ ಕೂಗಿದರು. ಪ್ರತಿ ಹೆಸರಿನ ನಂತರ, ಒಂದು ಮಗು ಉತ್ತರ ಕೊಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದರು. ನಾನು ಬಾಗಿಲ ಬಳಿ ಡಬ್ಬಿ ಹಿಡಿದು ನಿಂತೇ ಇದ್ದೆ.

"ಅನ್ವಿತಾ."

ಬೂಟು ನೋಡಿಕೊಂಡೆ.

"ಅಧ್ಯಕ್ಷರ, ನಿಮ್ಮ ಮಗಳು?"

"ನೆಟ್‌ಬಾಲ್ ಇತ್ತು ಅಕ್ಕೋರೆ. ಆಗಲೇ ಮೂರು ವಾರ ಮಿಸ್ ಆಗಿತ್ತಲ್ಲ, ಅದಕ್ಕೇ..."

ಅವರು ಒಂದು ಸೊನ್ನೆ ಬರೆದು ಮುಂದಿನ ಹೆಸರು ಕೂಗಿದರು. ಮೈಸೂರುಪಾಕು ಮಾತ್ರ ಎಲ್ಲರಿಗೂ ಧಾರಾಳವಾಗಿ ಸಾಕಾಯಿತು.

ಟರ್ಮ್ ಮುಗಿಯಿತು, ಕೋಣೆ ಕರಾಟೆಯವರಿಗೆ ಹೋಯಿತು. ಶಾಲೆಯಿಲ್ಲದ ಶಾಲೆಗೆ ನಾನು ಎರಡು ವರ್ಷ ಅಧ್ಯಕ್ಷ. ನನ್ನ ಇಮೇಲ್‌ಗಳ ಕೆಳಗೆ ಆ ಪದವಿ ಈಗಲೂ ಇದೆ. ಕೆಳಗಿಳಿಸಲು ಮತ್ತೆ ಚುನಾವಣೆ ಬೇಕಲ್ಲ. ಮತ ಹಾಕುವವರ ಹೆಸರು ಬರೆಯಲು ಹಾಜರಿ ಪುಸ್ತಕವೇ ಇರಲಿಲ್ಲ.

ಹಿತ್ತಲಿಗೆ ಬರೋಣ. ಅಕ್ಕೋರು ಇನ್ನೂ ಬೋರ್ಡನ್ನೇ ನೋಡುತ್ತಿದ್ದರು.

"ಮಗನ ಗ್ಯಾರೇಜು ಖಾಲಿ ಮಾಡಿಸೀನ್ರಿ. ಬರೂ ರವಿವಾರ ಕನ್ನಡ ಪಾಠ ಶುರು ಮಾಡತೀನಿ. ಹಲಗಿ ಬೇಕಾಗೇತಿ. ಇದರ ಹಿಂದ ಬೆಳ್ಳಗೈತಲ್ಲ, ನಡೀತದ."

"ಒಂದೇ ಸಾಕಾ ಅಕ್ಕೋರೆ?"

"ನಾಗೇಶ ಅವರಿಗೂ ಹೇಳೀನಿ. ಅವರ ಮಾರಿ ನಿಮ್ಮ ಮಾರಿಗಿಂತ ದೊಡ್ಡದೈತಿ, ಬರ್ಯಾಕ ಜಾಗ ಭಾಳ."

ಸುಮಾ ಸೊಪ್ಪು ಕೀಳುವ ನೆಪದಲ್ಲಿ ಬಗ್ಗಿ ನಕ್ಕಳು. ನಾನು ಅಧ್ಯಕ್ಷನ ದನಿ ತೆಗೆದೆ: "ಒಂದು ಕಮಿಟಿ ಮೀಟಿಂಗ್ ಕರೆದು..."

"ತಮ್ಮಾ, ಕಮಿಟಿ ಬ್ಯಾಡ. ಮಗಳನ್ನ ಕಳಸು."

ಅಲ್ಲಿಯವರೆಗೆ ಅವರು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದಿಲ್ಲ.

ಮುಂದಿನ ಭಾನುವಾರ ಬೋರ್ಡು ಕಿತ್ತುಕೊಂಡು, ಅನ್ವಿತಾಳನ್ನೂ ಕಾರಿಗೆ ಹತ್ತಿಸಿದೆ. "ಡ್ಯಾಡ್, ಹೌ ಮೆನಿ ವೀಕ್ಸ್ ದಿಸ್ ಟೈಮ್?" ಎಂದು ಕೇಳಿದಳು. "ವಾರ ಲೆಕ್ಕ ಇಲ್ಲ ಪುಟ್ಟಿ. ನೆಟ್‌ಬಾಲ್ ಶನಿವಾರದ ಟೀಮಿಗೆ ಬದಲಾಯಿಸಿದೀನಿ," ಎಂದೆ.

ಗ್ಯಾರೇಜಿನಲ್ಲಿ ನಾಗೇಶ್ ತಮ್ಮ ಮಗನ ಜೊತೆ, ತಮ್ಮ ಮುಖದ ಜೊತೆ ಆಗಲೇ ಬಂದಿದ್ದರು. ಇಬ್ಬರೂ ಸೇರಿ ಎರಡು ಬೋರ್ಡುಗಳನ್ನು ಗೋಡೆಗೆ ಮುಖಮಾಡಿ ತೂಗುಹಾಕಿದೆವು. "ನಿಮ್ಮ ಕಡೆ ಸ್ವಲ್ಪ ಮ್ಯಾಲ ಎತ್ರಿ," ಎಂದರು ಅವರು. ಎರಡು ವರ್ಷದಲ್ಲಿ ನಾವಾಡಿಕೊಂಡ ಮೊದಲ ಮಾತು ಅದು. ನಾನು ಎತ್ತಿದೆ. ಅಕ್ಕೋರು ಹೊಸ ಪುಸ್ತಕ ತೆಗೆದು ಹಾಜರಿ ಕೂಗಿದರು. ಐದು ಹೆಸರು, ಐದು ಉತ್ತರ.

ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ, ಪಾಸಮ್ ಬಂದು ಮೆಂತ್ಯವನ್ನು ಬುಡದವರೆಗೂ ತಿಂದುಹೋಗಿತ್ತು.