ಗೋಡೆಯ ಮೇಲಿದ್ದ ಬಾವಿ

ಹಗ್ಗ ಇಳಿಬಿಡದೆ ಬಾವಿಯಲ್ಲಿ ಎಷ್ಟು ನೀರಿದೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಸುತ್ತೋಲೆ ಓದಿದರೂ ತಿಳಿಯುವುದಿಲ್ಲ, ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿದರೂ ತಿಳಿಯುವುದಿಲ್ಲ. ಇಷ್ಟು ಸಣ್ಣ ಮಾತನ್ನು ಬರೆದು ಹೇಳಬೇಕಾಗಿ ಬಂದಿದೆಯಲ್ಲ, ಅದಕ್ಕೇ ನನ್ನ ಸಿಟ್ಟು.

ನುಜಹತ ಸವಣೂರಿನವರು. ತಂದೆ ಇನಾಯತ ಅವರದು ವೀಳ್ಯದೆಲೆಯ ತೋಟ. ತೋಟದ ಬಾವಿ ವರ್ಷವರ್ಷವೂ ಇಳಿಯುತ್ತಿದ್ದರೂ ಅವರು ನಿನ್ನೆ ಇತ್ತಲ್ಲ, ನಾಳೆಯೂ ಇರುತ್ತದೆ ಎನ್ನುತ್ತಿದ್ದರು. ಒಂದು ಮಾರ್ಚಿನಲ್ಲಿ ಬಳ್ಳಿ ಒಣಗಿತು. ಯಾವಾಗಿನಿಂದ ಇಳಿಯಿತು, ಎಷ್ಟು ಇಳಿಯಿತು ಎಂದು ಮಗಳು ಕೇಳಿದರೆ ಮನೆಯಲ್ಲಿ ಒಬ್ಬರೂ ಅಳೆದಿಟ್ಟಿರಲಿಲ್ಲ.

ಆ ಮಗಳು ಟೀಚರಾಗಿ, ಊರವರ ಬಾಯಲ್ಲಿ ಅಕ್ಕೋರಾಗಿ, ಹತ್ತಿಮತ್ತೂರಿನ ಆಚೆಯ ಒಂದು ಸಣ್ಣ ಊರಿನ ಶಾಲೆಗೆ ಬಂದರು. ತಮ್ಮ ಹೆಸರು ಬರೆಯಲು ಅವರೇ ಒಪ್ಪಿದ್ದಾರೆ, ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನೋಟಿಸು ಬರುವುದು ಶಾಲೆಗೆ, ನನಗಲ್ಲ. ಶಾಲೆಯ ಪಕ್ಕದಲ್ಲೇ ಊರ ಬಾವಿ. ಒಂಬತ್ತು ವರ್ಷದ ಹಿಂದೆ, ಐದನೇ ಇಯತ್ತೆಯ ಮಕ್ಕಳ ಕೈಯಲ್ಲಿ ಮೀಟರಿಗೊಂದು ಗಂಟು ಹಾಕಿದ ಹಗ್ಗ ಕೊಟ್ಟು, ತುದಿಗೆ ಕಲ್ಲು ಕಟ್ಟಿಸಿ, ಕಟ್ಟೆಯ ಮೇಲೆ ನಿಲ್ಲಿಸಿದರು. ಕಲ್ಲು ನೀರು ಮುಟ್ಟುವತನಕ ಎಷ್ಟು ಹಗ್ಗ ಇಳಿಯಿತು? ಪ್ರತಿ ಸೋಮವಾರ ಆ ಅಂಕಿಯನ್ನು ಮಕ್ಕಳು ಪಡಸಾಲೆಯ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆಯಬೇಕು, ತಮ್ಮ ಗಣಿತದ ನೋಟುಬುಕ್ಕಿನಲ್ಲೂ ಬರೆದುಕೊಳ್ಳಬೇಕು.

ದಶಮಾಂಶ ಕಲಿತದ್ದು ಅದರಿಂದ. ನಕ್ಷೆ ಗೀಚಿದ್ದು ಅದರಿಂದ. ಕನ್ನಡದ ಪಿರಿಯಡ್ಡಿನಲ್ಲಿ ಪಂಚಾಯಿತಿಗೆ ಪತ್ರ ಬರೆದದ್ದೂ ಅದನ್ನೇ ಇಟ್ಟುಕೊಂಡು. ಕೊರೊನಾದಲ್ಲಿ ಶಾಲೆಗೆ ಬೀಗ ಬಿದ್ದಾಗ ಬಿಸಿಯೂಟದ ಭರಮವ್ವ ತಾನೇ ಹಗ್ಗ ಇಳಿಸಿ, ಗಂಟು ಎಣಿಸಿ, ಅಕ್ಕೋರಿಗೆ ಫೋನಿನಲ್ಲಿ ಹೇಳುತ್ತಿದ್ದಳು.

ಮೂರನೆಯ ವರ್ಷ ಬಾವಿಯ ಪಕ್ಕದ ಹೊಲದ ಹೂವಪ್ಪನ ಮಗಳು ಗೋಡೆ ನೋಡಿ, ಬೇಸಿಗೆಯ ಗೋವಿನಜೋಳಕ್ಕೆ ಅಪ್ಪ ಮೋಟಾರು ಹಚ್ಚಿದ ವಾರದಿಂದಲೇ ಹಗ್ಗ ಉದ್ದವಾಗುತ್ತಿದೆ ಎಂದು ಕಂಡುಹಿಡಿದಳು. ಕಂಡದ್ದನ್ನು ಊಟದ ಹೊತ್ತಿಗೆ ಅಪ್ಪನೆದುರೇ ಹೇಳಿದಳು. ಮರುದಿನ ಹೂವಪ್ಪ ಶಾಲೆಗೆ ಬಂದ.

“ಅಕ್ಕೋರ, ಲೆಕ್ಕಾ ಕಲಸ್ರಿ ಅಂತ ಕಳಿಸಿದ್ರ, ಅಪ್ಪನ ಲೆಕ್ಕಾ ಕೇಳಾಕ ಕಲಿಸೀರಲ್ರಿ.”

“ನಾ ಕೇಳಿಲ್ಲರಿ. ಗ್ವಾಡಿ ಕೇಳಾಕತ್ತೈತಿ. ನೀವ ಓದ್ರಿ.”

ಅವನು ಓದಿದ. ಮರುವರ್ಷ ಗೋವಿನಜೋಳ ಬಿಟ್ಟು ಕಡಲೆ ಹಾಕಿದ. ಈಗ ಪಂಚಾಯಿತಿಯ ಸದಸ್ಯರೊಬ್ಬರು ಬಾವಿಯಿಂದ ನೂರಡಿ ದೂರದಲ್ಲಿ ಬೋರು ಕೊರೆಸಲು ಹೊರಟಾಗ, ಬೇಡ ಎಂದು ಮೊದಲು ಎದ್ದು ನಿಂತವನೂ ಹೂವಪ್ಪನೇ. ಅದು ಗ್ರಾಮಸಭೆಗೆ ಬಂತು. ಗೋಡೆಯ ಮುಂದೆಯೇ ಸಭೆ ಮಾಡೋಣ, ಒಂಬತ್ತು ವರ್ಷದ ಅಂಕಿ ನೋಡಿ ತೀರ್ಮಾನಿಸೋಣ ಎಂದು ಊರು ಒಪ್ಪಿತ್ತು.

ಅಷ್ಟರಲ್ಲಿ ದಸರಾ ರಜೆ ಬಂತು, ರಜೆಯ ಜೊತೆಗೆ ಮೇಲಿನಿಂದ ಸುತ್ತೋಲೆಯೂ ಬಂತು: ಸುಸ್ಥಿರ ಅಭಿವೃದ್ಧಿಯನ್ನು ಬೋಧನೆ ಮತ್ತು ಕಲಿಕೆಯಲ್ಲಿ ಅಳವಡಿಸತಕ್ಕದ್ದು, ಅಳವಡಿಸಿದ್ದಕ್ಕೆ ಗೋಡೆಚಿತ್ರದ ಫೋಟೊ ಲಗತ್ತಿಸತಕ್ಕದ್ದು. ರಜೆ ಮುಗಿದ ದಿನವೇ ಅಧಿಕಾರಿಗಳ ಭೇಟಿ. ಹೆಡ್‌ಮಾಸ್ತರ ಪರಮೇಶ ಕೆಟ್ಟವರಲ್ಲ, ಗಾಬರಿಯ ಮನುಷ್ಯ. ಶಾಲೆಯಲ್ಲಿ ದೊಡ್ಡ ಗೋಡೆ ಎಂದರೆ ಅದೊಂದೇ. ಪೇಂಟರನನ್ನು ಕರೆಸಿದರು.

ರಜೆ ಮುಗಿಸಿ ಬಂದ ನುಜಹತ ಅಕ್ಕೋರು ನೋಡಿದ್ದು ಎರಡು ಅಂಗೈಯ ಮೇಲೆ ಕುಳಿತ ಭೂಗೋಳ, ಅದರ ನೆತ್ತಿಯಲ್ಲಿ ಒಂದು ಸಸಿ, ಸುತ್ತ ಸುಸ್ಥಿರ ಅಭಿವೃದ್ಧಿಯ ಹದಿನೇಳು ಗುರಿಗಳ ಬಣ್ಣದ ಚೌಕ. ಕೆಳಗೆ ದಪ್ಪ ಅಕ್ಷರದಲ್ಲಿ, ನೀರು ಉಳಿಸಿ.

“ಬರೇ ಅಂಕಿ ಗೀಚಿ ಹೊಲಸಾಗಿತ್ತಲ್ರಿ ಮೇಡಂ. ಈಗ ನೋಡ್ರಿ, ಹೆಂಗ ಕಳಿ ಬಂದೈತಿ,” ಎಂದರು ಪರಮೇಶ.

“ನೀರು ಉಳಿಸ್ರಿ ಅಂತ ಬರಸಾಕ ನೀರಿನ ಲೆಕ್ಕಾನ ಅಳಿಸಿದ್ರಲ್ರಿ ಸರ.”

ಅಧಿಕಾರಿ ಬಂದರು, ಚಿತ್ರದ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಐದನೇ ಇಯತ್ತೆಯ ಮಾಹೀರಾಳನ್ನು ಎಬ್ಬಿಸಿ, ಸುಸ್ಥಿರ ಅಭಿವೃದ್ಧಿ ಎಂದರೇನು ಎಂದು ಕೇಳಿದರು. ಹುಡುಗಿ ಯೋಚಿಸಿ ಹೇಳಿದಳು: “ರಜಾದ ಮುಂಚೆ ಒಂಬತ್ತೂವರಿ ಇತ್ರಿ ಸರ. ಹ್ವಾದ ವರ್ಷ ಅದ ವಾರ ಏಳೂಕಾಲು ಇತ್ತು. ಮಳಿ ಆದ್ರೂ ಮ್ಯಾಲ ಬಂದಿಲ್ಲ.”

ಅಧಿಕಾರಿ ನಕ್ಕರು. ಶಾಲೆಯ ಭೇಟಿ ಪುಸ್ತಕದಲ್ಲಿ ಬರೆದು ಹೋದರು: ಮಕ್ಕಳಿಗೆ ಪರಿಕಲ್ಪನೆ ತಿಳಿದಿಲ್ಲ.

ಯಾರಿಗೆ ತಿಳಿದಿಲ್ಲ ಸ್ವಾಮಿ?

ಗೋಡೆಯ ಅಂಕಿಗಳ ಫೋಟೊ ತೆಗೆದಿಟ್ಟುಕೊಳ್ಳಬಾರದಿತ್ತೇ ಎಂದು ನಾನೂ ಅಕ್ಕೋರನ್ನು ಕೇಳಿದೆ. ಗೋಡೆ ಎಲ್ಲಿ ಹೋಗುತ್ತದೆ ಎಂದುಕೊಂಡಿದ್ದರಂತೆ. ಬೋರಿನ ಸದಸ್ಯರು ಈಗ ಮೀಸೆಯಡಿ ನಗುತ್ತಾ ಲೆಕ್ಕ ತೋರಿಸಿ ಎನ್ನುತ್ತಿದ್ದಾರೆ. ಅಕ್ಕೋರು ಶಾಲೆ ಬಿಟ್ಟ ಮೇಲೆ ಮನೆಮನೆ ತಿರುಗಿ ಹಳೆಯ ಗಣಿತದ ನೋಟುಬುಕ್ಕು ಕೇಳುತ್ತಿದ್ದಾರೆ. ಒಂದು ಕಾಳಿನ ಚೀಲದ ಕೆಳಗೆ ಸಿಕ್ಕಿತು, ಒಂದರ ಅರ್ಧವನ್ನು ಗೆದ್ದಲು ತಿಂದಿತ್ತು. ಕೆಲವು ರದ್ದಿಗೆ ಬಿದ್ದು, ಸವಣೂರಿನಲ್ಲಿ ಖಾರಾ ಕಟ್ಟುವ ಪೊಟ್ಟಣವಾಗಿ ಹೋಗಿವೆ. ಏಳು ವರ್ಷದ ಲೆಕ್ಕ ಕೂಡಿದೆ. ಮೊದಲ ಎರಡು ವರ್ಷದ್ದು ಇಲ್ಲ. ನೀರು ಮೂರು ಮೀಟರಿಗೇ ಸಿಗುತ್ತಿದ್ದ ವರ್ಷಗಳವು. ಅವಿಲ್ಲದಿದ್ದರೆ ಬಾವಿ ಮೊದಲಿನಿಂದ ಹೀಗೇ ಇತ್ತು ಎಂದುಬಿಡುತ್ತಾರೆ.

ಆ ಎರಡು ವರ್ಷದ ಮಕ್ಕಳು ಈಗ ದೊಡ್ಡವರು. ಒಬ್ಬಳನ್ನು ತಿಳವಳ್ಳಿಗೆ ಕೊಟ್ಟಿದ್ದಾರೆ, ಒಬ್ಬಳು ಹಿರೇಬೆಂಡಿಗೇರಿಯ ಸೊಸೆ, ಒಬ್ಬ ಹಿರೇಕೆರೂರಿನಲ್ಲಿ ಗ್ಯಾರೇಜಿನಲ್ಲಿದ್ದಾನೆ, ಉಳಿದವರು ಹಾನಗಲ್ಲು, ಶಿಗ್ಗಾವಿ ಎಂದು ಚದುರಿದ್ದಾರೆ. ನುಜಹತ ಅಕ್ಕೋರ ಕೈಯಲ್ಲಿ ಐದನೇ ಇಯತ್ತೆ ಓದಿದವರು ನಿಮ್ಮ ಮನೆಯಲ್ಲಿದ್ದರೆ, ಗ್ರಾಮಸಭೆ ಇದೇ ಇಪ್ಪತ್ತೆಂಟಕ್ಕೆ. ಪೇಪರು ಕೆಳಗಿಡಿ. ಅಟ್ಟ ಹತ್ತಿ, ಟ್ರಂಕು ತೆಗೆದು, ಆ ನೋಟುಬುಕ್ಕು ಹುಡುಕಿ ಶಾಲೆಗೆ ಮುಟ್ಟಿಸಿ.