ಬಿಚ್ಚದ ಹೊಲಿಗೆ

ಬ್ಯಾಗಿನಕ್ಕನಿಗೆ ಸಿಟ್ಟು ಬರುತ್ತಿತ್ತು ಎಂದರೆ ತಪ್ಪಾಗುತ್ತದೆ. ಸಿಟ್ಟು ಆಕೆಯ ಜೊತೆಗೇ ವಾಸವಾಗಿತ್ತು. ಬಂದು ಹೋಗುತ್ತಿದ್ದವರು ಗಿರಾಕಿಗಳು ಮಾತ್ರ. ಮೆಟ್ಟಿಲ ಕೆಳಗಿನ ಇಕ್ಕಟ್ಟು ಅಂಗಡಿಯಲ್ಲಿ ಮೂವತ್ತು ವರ್ಷ ಕೂತು ಹರಿದ ಬ್ಯಾಗು, ಕಿತ್ತ ಜಿಪ್ಪು, ಸೂಟ್‌ಕೇಸಿನ ಹಿಡಿಕೆ ಹೊಲಿದಳು. "ಪಟ್ಟಿ ಹರಿದೀತು, ನನ್ನ ಹೊಲಿಗೆ ಬಿಚ್ಚಲ್ಲ" ಎನ್ನುತ್ತಿದ್ದಳು. ಸುಳ್ಳಲ್ಲ. ಹೋದ ತಿಂಗಳು ಆಕೆ ತೀರಿಕೊಂಡಳು. ಆ ಹೊಲಿಗೆಗಳು ಈಗಲೂ ಎಷ್ಟೋ ಜನರ ಹೆಗಲ ಮೇಲೆ ಗಟ್ಟಿಯಾಗಿ ಕೂತಿವೆ.

ಒಂದು ಹೊಲಿಗೆಯನ್ನು ಮಾತ್ರ ಆಕೆ ಕೊನೆಯವರೆಗೂ ಕ್ಷಮಿಸಲಿಲ್ಲ.

ಗಂಡ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಆಕೆ ಮತ್ತು ಒಂದು ಬೂದು ಬೆಕ್ಕು. ಅದನ್ನು "ದರಿದ್ರ" ಎಂದೇ ಕರೆಯುತ್ತಿದ್ದಳು. ಮೀನಿನ ಮುಳ್ಳು ಬಿಡಿಸಿ ಕೊಡುವಾಗಲೂ. ಒಮ್ಮೆ ದರಿದ್ರ ಪಕ್ಕದ ಬೀದಿಯ ಗೋದಾಮಿನೊಳಗೆ ಸಿಕ್ಕಿಕೊಂಡು ಎರಡು ದಿನ ಉಪವಾಸ ಬಿತ್ತು. ಯಾರ ಬೆಕ್ಕೋ ತಿಳಿಯಲಿಲ್ಲ ಎಂದ ಕಾವಲುಗಾರನ ಜನ್ಮ ಜಾಲಾಡಿ, ಆಕೆ ನೆಟ್ಟಗೆ ಸಾಕುಪ್ರಾಣಿ ಸಾಮಾನಿನ ಅಂಗಡಿಗೆ ಹೋದಳು. ಕೊರಳಪಟ್ಟಿ ಕೊಂಡು, ಒಳಮೈಗೆ ಫೋನ್ ನಂಬರು ಬರೆದು ಹಾಕಿದಳು. ಮೂರನೆಯ ದಿನ ಬೆಕ್ಕು ಬರಿಗೊರಳಲ್ಲಿ ಬಂತು. ಪಟ್ಟಿ ಹಿತ್ತಲ ಗಿಡದಲ್ಲಿ ನೇತಾಡುತ್ತಿತ್ತು.

ಅದನ್ನು ತಂದು ಅಂಗಡಿಯವನ ಮುಂದೆ ಎಸೆದಳು.

"ಏನಪ್ಪಾ ಇದು? ಬೆಕ್ಕು ಸೀನಿದ್ರೆ ಬಿಚ್ಚಿಕೊಳ್ಳುತ್ತೆ! ಇದನ್ನ ಮಾರೋಕೆ ಮುಖ ಎಲ್ಲಿಂದ ಬಂತು ನಿನಗೆ?"

"ಅಕ್ಕಾ, ಅದು ಇರೋದೇ ಹಾಗೆ. ಎಳೆದಾಗ..."

"ಎಳೆದಾಗ ಬಿಚ್ಚಿಕೊಂಡ್ರೆ ಅದ್ಯಾವ ಸೀಮೆ ಪಟ್ಟಿ? ಮೂವತ್ತು ವರ್ಷದಿಂದ ಪಟ್ಟಿ ಹೊಲೀತಿದೀನಿ, ನನಗೆ ಪಾಠ ಹೇಳ್ತೀಯಾ?"

ಮನೆಗೆ ಬಂದವಳೇ ಪ್ಲಾಸ್ಟಿಕ್ ಕ್ಲಿಪ್ಪು ಕಿತ್ತೆಸೆದು, ಪಟ್ಟಿಯ ಎರಡು ತುದಿ ಸೇರಿಸಿ ಮೇಣ ಹಚ್ಚಿದ ದಾರದಲ್ಲಿ ಬೆಕ್ಕಿನ ಕೊರಳಲ್ಲೇ ಮೂರು ಸುತ್ತು ಹೊಲಿದಳು.

ವಾರ ಕಳೆದು ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯಲ್ಲಿ ಪರಚುವ ಸದ್ದು. ಮುರಿದ ಕಂಬಿಯ ಮೊನೆಗೆ ಪಟ್ಟಿ ಸಿಕ್ಕಿ ದರಿದ್ರ ನೇತಾಡುತ್ತಿತ್ತು. ಹಿಂಗಾಲು ಎಲ್ಲಿಗೂ ಎಟುಕುತ್ತಿರಲಿಲ್ಲ. ಆಕೆ ಒಂದು ಕೈಯಲ್ಲಿ ಅದರ ಹೊಟ್ಟೆ ಎತ್ತಿ ಹಿಡಿದು ಇನ್ನೊಂದರಲ್ಲಿ ಎಳೆದಳು. ಬಿಚ್ಚಲಿಲ್ಲ. ಬೆಕ್ಕು ಆಕೆಯ ತೋಳನ್ನು ಸಿಗಿದು ಹಾಕಿತು. ಬ್ಲೇಡು ಹಿಡಿದಳು; ಹೊಲಿಗೆಯಲ್ಲಿ ಉಗುರು ತೂರುವಷ್ಟೂ ಸಂದಿಲ್ಲ.

"ಬಿಚ್ಚೇ, ಹಾಳಾದ್ದೇ, ಬಿಚ್ಚೇ!" ಎಂದು ತನ್ನ ಹೊಲಿಗೆಗೇ ಕಿರುಚಿದಳು.

ಕೊನೆಗೆ ಕಂಬಿಗೆ ಸಿಕ್ಕ ಕಡೆಯಲ್ಲೇ ಕೊಯ್ದಳು. ಪಟ್ಟಿ ಹರಿಯಿತು. ಹೊಲಿಗೆ ಬಿಚ್ಚಲಿಲ್ಲ.

ಬೆಕ್ಕು ಉಸಿರಾಡಿತು, ಮಂಚದ ಕೆಳಗೆ ಸೇರಿತು. ಆಕೆ ರಕ್ತ ಒರೆಸಿಕೊಳ್ಳದೆ ಪಟ್ಟಿ ಮಾರಿದವನ ಅಂಗಡಿಗೆ ನಡೆದಳು.

"ಅವತ್ತೇ ಯಾಕೋ ಹೇಳಲಿಲ್ಲ? ಸಿಕ್ಕಿಕೊಂಡ್ರೆ ಬಿಚ್ಚಲಿ ಅಂತ ಹಾಗೆ ಮಾಡಿರೋದು ಅಂತ?"

"ನೀವು ಹೇಳೋಕೆ ಬಿಟ್ರಾ ಅಕ್ಕಾ?"

"ನನ್ನ ಬಾಯಿ ಮುಚ್ಚಿಸ್ಬೇಕಿತ್ತು!"

"ಅದು ಭಾವನ ಕೈಲೇ ಆಗ್ಲಿಲ್ಲ. ನಾನೆಷ್ಟರವನು?"

ಆಕೆ ನಗಲಿಲ್ಲ. ಮಾರನೆಯ ದಿನ ಬೆಕ್ಕಿನ ಅರ್ಧ ತೂಕದಷ್ಟು ಕಲ್ಲು ತುಂಬಿದ ಸಣ್ಣ ಬ್ಯಾಗು ಹಿಡಿದು ಬಂದಳು. ಅವನ ಅಂಗಡಿಯಲ್ಲಿದ್ದ ಒಂದೊಂದು ಪಟ್ಟಿಯನ್ನೂ ಮೊಳೆಗೆ ಸಿಕ್ಕಿಸಿ ಬ್ಯಾಗು ತೂಗುಹಾಕಿದಳು. ಬಿಚ್ಚದವು ಅವನ ಮೇಜಿಗೆ ಬಿದ್ದವು. ಎಳೆದಷ್ಟೂ ಹಿಗ್ಗುವ ಎಲಾಸ್ಟಿಕ್ಕಿನದೂ ಬಿತ್ತು. ಅದರಲ್ಲಿ ಬೆಕ್ಕು ಮುಂಗಾಲು ತೂರಿಸಿಕೊಂಡರೆ ಗತಿ ಏನು? ಹನ್ನೊಂದರಲ್ಲಿ ಉಳಿದದ್ದು ಎರಡು.

"ಎಲ್ಲದರ ಮೇಲೂ ಬೆಕ್ಕಿಗೆ ಅಂತಲೇ ಬರೆದಿದೆಯಲ್ಲಕ್ಕಾ."

"ಬರೆದೋನ ಕುತ್ತಿಗೆಗೆ ಹಾಕು, ಹೋಗು."

ಆ ಮೇಲೆ ಪಟ್ಟಿಯ ಕೆಳಗೆ ಎರಡು ಬೆರಳು ತೂರುವಂತೆ ನೋಡಿಯೇ ಹಾಕುತ್ತಿದ್ದಳು. ತಿಂಗಳಿಗೊಂದು ಬಿಚ್ಚಿ ಬೀಳುತ್ತಿತ್ತು. ಕಾವಲುಗಾರ ಹೆಕ್ಕಿ ತಂದು, "ಅಕ್ಕಾ, ನೀವು ಕಟ್ಟಿದ್ದು ಬಿಚ್ಚಿಕೊಂಡಿದೆ" ಎಂದು ಹಲ್ಲು ಕಿಸಿಯುತ್ತಿದ್ದ.

"ಬಿಚ್ಚಲಿ ಅಂತಾನೇ ಹಾಕಿದ್ದು. ಬೆಕ್ಕೆಲ್ಲಿದೆ, ಅದನ್ನ ಹೇಳು ಮೊದಲು."

ಕೊಯ್ದ ಪಟ್ಟಿ ಹೊಲಿಗೆಯ ಸಮೇತ ಮಷೀನಿನ ಎದುರಿನ ಮೊಳೆಯಲ್ಲಿತ್ತು. ಗಿರಾಕಿ ಯಾರಾದರೂ ಹೊಲಿಗೆ ಗಟ್ಟಿ ಇದೆ ಎಂದು ಹೊಗಳಿದರೆ, ಆಕೆ ಅದನ್ನೊಮ್ಮೆ ದುರುಗುಟ್ಟಿ ನೋಡಿ, "ಬ್ಯಾಗು ತಗೊಂಡು ನಡೀರಿ" ಎನ್ನುತ್ತಿದ್ದಳು.

ಆಕೆಯನ್ನು ಹೊತ್ತೊಯ್ದ ದಿನ ದರಿದ್ರ ಜನ ಕಂಡು ಹೆದರಿ ಬೇಲಿಯ ತಂತಿಯೊಳಗೆ ನುಗ್ಗಿತು. ಪಟ್ಟಿ ತಂತಿಯಲ್ಲೇ ಉಳಿಯಿತು. ಸಂಜೆ ಬೆಕ್ಕು ಬರಿಗೊರಳಲ್ಲಿ ಬಂದು, ಮೆಟ್ಟಿಲ ಕೆಳಗಿನ ಮುಚ್ಚಿದ ಬಾಗಿಲಿಗೆ ಬಾಯಿಗೆ ಬಂದಂತೆ ಬೈಯುತ್ತ ಕೂತಿತು.